ಕಲ್ಪನಾ ಸಿನಿಮಾಗಳ ಲಿಸ್ಟು: ನಾಲ್ಕು ಊರು, ನಾಲ್ಕು ತೀರ್ಪು

ಕಲ್ಪನಾ ಅವರ ಸಿನಿಮಾಗಳಲ್ಲಿ ಒಂದನೇ ನಂಬರ್ ಯಾವುದು?

ಈ ಪ್ರಶ್ನೆಯನ್ನು ಯಾರನ್ನಾದರೂ ಕೇಳಿ ನೋಡಿ, ಉತ್ತರ ಬರೋಕೆ ಎರಡು ಸೆಕೆಂಡು ಸಾಕು. 'ಶರಪಂಜರ'. ಯಾಕೆ ಅಂತ ಕೇಳಿದರೆ ಮಾತಿನಲ್ಲಿ ಹೇಳುವುದಿಲ್ಲ, ಕಣ್ಣು ಅಗಲ ಮಾಡಿ, ಕತ್ತು ವಾಲಿಸಿ, ದನಿ ನಡುಗಿಸಿ 'ಆಕ್ಟಿಂಗ್' ಮಾಡಿ ತೋರಿಸುತ್ತಾರೆ. ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿಯವರು ಇಷ್ಟು ವರ್ಷ ಮಾಡಿದ್ದೂ ಇದನ್ನೇ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಸ್ವಲ್ಪ ದನಿ ಎತ್ತಿದರೆ "ಕಲ್ಪನಾ ಥರ ಆಡಬೇಡ" ಅನ್ನುವ ಮಾತಂತೂ ಇದ್ದೇ ಇದೆ. ಅಷ್ಟು ದೊಡ್ಡ ನಟಿಯಲ್ಲಿ ನಾವು ಉಳಿಸಿಕೊಂಡಿದ್ದು ಒಂದು ಕಿರುಚಾಟ ಮಾತ್ರವಾ ಅಂತ ನನಗೆ ಬಹಳ ದಿನದಿಂದ ಒಂದು ಗುಮಾನಿ.

ಹಾಗಾಗಿ ಒಂದು ಲಿಸ್ಟು ಮಾಡಲು ಕೂತೆ. ಕಲಿತ ಬುದ್ಧಿ ಎಲ್ಲಿ ಹೋಗುತ್ತೆ, ಎಕ್ಸೆಲ್ ಶೀಟ್ ತೆರೆದೆ :) ಪಾತ್ರಕ್ಕೆ ಇಷ್ಟು, ಕಥೆಗೆ ಇಷ್ಟು, ನಟನೆಗೆ ಇಷ್ಟು, ಇವತ್ತಿಗೂ ನೋಡಬಹುದಾ ಅನ್ನುವುದಕ್ಕೆ ಇಷ್ಟು ಅಂತ ಅಂಕ ಹಾಕಿ, ಕೂಡಿಸಿ, ಸಾರ್ಟ್ ಮಾಡಿದೆ. ಶರಪಂಜರವೇ ಮೇಲೆ ಬಂತು. ಖುಷಿಯಿಂದ ಅದನ್ನು ಊರಿಗೆ ತಗೊಂಡು ಹೋದೆ. ಅಲ್ಲಿ ನನ್ನ ಎಕ್ಸೆಲ್ ಶೀಟಿಗೆ ಸರಿಯಾಗಿ 'ಹೊನ್ನಾಳಿ ಹೊಡೆತ' ಬಿತ್ತು.

ವಿಷಯ ಏನಪ್ಪಾ ಅಂದರೆ, ನಮ್ಮ ಮನೆ ಚನ್ನಗಿರಿಯಲ್ಲಿ. ಅಮ್ಮನ ಇಬ್ಬರು ಅಕ್ಕಂದಿರಲ್ಲಿ ದೊಡ್ಡವರನ್ನು ಕೊಟ್ಟಿದ್ದು ಹೊನ್ನಾಳಿಗೆ, ಇನ್ನೊಬ್ಬರನ್ನು ನ್ಯಾಮತಿಗೆ. ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತೆ, ಇರುವುದು ಜಗಳೂರಲ್ಲಿ. ಒಂದು ಗೃಹಪ್ರವೇಶಕ್ಕೆ ನಾಲ್ವರೂ ಸೇರಿದ್ದರು. ಊಟ ಆಗಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ನಾನು ಲಿಸ್ಟು ಓದಿದೆ. ಆಮೇಲೆ ಸಂಜೆ ಕಾಫಿವರೆಗೂ ಆ ಜಗಲಿಯಲ್ಲಿ ಬೇರೆ ಮಾತೇ ಇರಲಿಲ್ಲ.

ನಾಲ್ವರ ತೀರ್ಪಿಗೆ ಹೋಗುವ ಮೊದಲು ಒಂದಿಷ್ಟು ಹಿನ್ನೆಲೆ.

ಕಲ್ಪನಾ ಹುಟ್ಟಿದ್ದು 1943ರ ಜುಲೈ 18ರಂದು, ದಕ್ಷಿಣ ಕನ್ನಡದಲ್ಲಿ. ಮೂಲ ಹೆಸರು ಶರತ್ ಲತಾ. ಮೊದಲ ಸಿನಿಮಾ ಬಿ.ಆರ್.ಪಂತುಲು ಅವರ 'ಸಾಕು ಮಗಳು', 1963. ನಾಲ್ಕು ವರ್ಷ ಆದ ಮೇಲೆ, 1967ರಲ್ಲಿ ಪುಟ್ಟಣ್ಣ ಕಣಗಾಲ್ ನಿರ್ದೇಶನದ 'ಬೆಳ್ಳಿಮೋಡ' ಬಂತು. ಅಲ್ಲಿಂದ 1976ರ 'ಬಯಲು ದಾರಿ'ವರೆಗೆ ಹತ್ತು ವರ್ಷ. ನನ್ನ ಲಿಸ್ಟಿನ ಮುಖ್ಯ ಸಿನಿಮಾಗಳೆಲ್ಲ ಈ ಹತ್ತು ವರ್ಷದೊಳಗೇ ಬರುತ್ತವೆ. 1979ರ ಮೇ ತಿಂಗಳಲ್ಲಿ ಸಂಕೇಶ್ವರದ ಹತ್ತಿರ ಗೋಟೂರಿನ ಪ್ರವಾಸಿ ಬಂಗಲೆಯಲ್ಲಿ ಅವರು ತೀರಿಕೊಂಡಾಗ ವಯಸ್ಸು ಇನ್ನೂ 35. ಆಗ ಅವರು ಒಂದು ನಾಟಕ ಕಂಪನಿಯ ಜೊತೆ ಊರೂರು ತಿರುಗುತ್ತಿದ್ದರು. ಆ ಸಾವಿನ ಬಗ್ಗೆ ಬೇಕಾದಷ್ಟು ಕಥೆಗಳಿವೆ. ಅವು ನನಗೆ ಬೇಡ, ಸಿನಿಮಾಗಳು ಸಾಕು.

ಆ ಹತ್ತು ವರ್ಷಗಳ ಸಿನಿಮಾಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತೆ. ಬೆಳ್ಳಿಮೋಡ, ಹಣ್ಣೆಲೆ ಚಿಗುರಿದಾಗ, ಶರಪಂಜರ ಈ ಮೂರೂ ತ್ರಿವೇಣಿಯವರ ಕಾದಂಬರಿಗಳು. ಗೆಜ್ಜೆಪೂಜೆ ಎಂ.ಕೆ.ಇಂದಿರಾ ಅವರದು. ಎರಡು ಕನಸು ವಾಣಿಯವರದು. ಕಪ್ಪು ಬಿಳುಪು ತ್ರಿವೇಣಿಯವರ ತಂಗಿ ಆರ್ಯಾಂಬ ಪಟ್ಟಾಭಿಯವರದು. ಉಯ್ಯಾಲೆ ಚದುರಂಗರದು, ಬಯಲು ದಾರಿ ಭಾರತೀಸುತರದು. ಕಾದಂಬರಿ ಆಧಾರಿತ ಸಿನಿಮಾ ಅನ್ನುವ ಅಲೆ ಎದ್ದಾಗ, ಹೆಂಗಸರು ಬರೆದು ಹೆಂಗಸರು ಓದುತ್ತಿದ್ದ ಕಥೆಗಳಿಗೆ ಒಂದು ಮುಖ ಬೇಕಾಗಿತ್ತು. ಆ ಮುಖ ಕಲ್ಪನಾ ಅವರದಾಯಿತು. ಪುಟ್ಟಣ್ಣ ಅವರನ್ನು ಬೆಳೆಸಿದರು ಅನ್ನುವುದು ಎಲ್ಲರೂ ಹೇಳುವ ಮಾತು, ನಿಜವೂ ಹೌದು. ಆದರೆ ತ್ರಿವೇಣಿ, ಇಂದಿರಾ, ವಾಣಿ ಇಲ್ಲದಿದ್ದರೆ ಪುಟ್ಟಣ್ಣನವರಾಗಲಿ ದೊರೈ-ಭಗವಾನ್ ಆಗಲಿ ಆಕೆಗೆ ಯಾವ ಪಾತ್ರ ಕೊಡುತ್ತಿದ್ದರು? ಮನಸ್ಸು ಹಿಂಡುವ ಸಂಗತಿ ಅಂದರೆ, ತ್ರಿವೇಣಿ ತೀರಿಕೊಂಡಿದ್ದು 1963ರಲ್ಲಿ, 34ನೇ ವಯಸ್ಸಿಗೆ, ಹೆರಿಗೆಯಾದ ಕೆಲವೇ ದಿನಕ್ಕೆ. ಬೆಳ್ಳಿಮೋಡವನ್ನಾಗಲಿ ಶರಪಂಜರವನ್ನಾಗಲಿ ಅವರು ನೋಡಲೇ ಇಲ್ಲ.

ಈಗ ನಮ್ಮೂರುಗಳ ಕಡೆ ಬರೋಣ.

ಇವತ್ತು ಈ ನಾಲ್ಕೂ ದಾವಣಗೆರೆ ಜಿಲ್ಲೆಯ ತಾಲೂಕು ಕೇಂದ್ರಗಳು. ಆಗ ಹಾಗಿರಲಿಲ್ಲ. ದಾವಣಗೆರೆ ಜಿಲ್ಲೆ ಆಗಿದ್ದೇ 1997ರ ಆಗಸ್ಟ್ 15ಕ್ಕೆ. ಅಲ್ಲಿಯವರೆಗೆ ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗ ಜಿಲ್ಲೆ. ನ್ಯಾಮತಿ ಹೊನ್ನಾಳಿ ತಾಲೂಕಿನೊಳಗಿನ ಒಂದು ಪೇಟೆ, ಅದು ಸ್ವತಃ ತಾಲೂಕಾಗಲು 2018ರವರೆಗೆ ಕಾಯಬೇಕಾಯಿತು. ಜಗಳೂರು ಚಿತ್ರದುರ್ಗ ಜಿಲ್ಲೆ. ಅಂದರೆ ಮೂರು ಊರಿನವರು ಹೊಸ ಸಿನಿಮಾ ನೋಡಬೇಕಂದ್ರೆ ಶಿವಮೊಗ್ಗದ ಬಸ್ಸು ಹತ್ತುತ್ತಿದ್ದರು, ಜಗಳೂರಿನವರು ದಾವಣಗೆರೆಗೋ ದುರ್ಗಕ್ಕೋ ಹೋಗುತ್ತಿದ್ದರು. ಬಸ್ ಚಾರ್ಜು ಯಾರು ಕೊಡ್ತಾರೆ? ಬಹಳಷ್ಟು ಜನ ಅದೇ ಸಿನಿಮಾ ತಮ್ಮೂರ ಟೂರಿಂಗ್ ಟಾಕೀಸಿಗೆ ಬರುವ ತನಕ ಕಾಯುತ್ತಿದ್ದರು. ತಿಂಗಳುಗಳಲ್ಲ, ಕೆಲವು ಸಲ ವರ್ಷವೇ.

ಟೆಂಟಿನ ಬಗ್ಗೆ ದೊಡ್ಡಮ್ಮಂದಿರು ಶುರು ಮಾಡಿದರೆ ಮುಗಿಯೋದಿಲ್ಲ. ನೆಲ, ಬೆಂಚು, ಕುರ್ಚಿ ಅಂತ ಮೂರು ಕ್ಲಾಸು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಅಡ್ಡ. ನೆಲದಲ್ಲಿ ಕೂತವರು ಮುಂದಿನವರ ತಲೆ ಮರೆಯಾಗಬಾರದು ಅಂತ ಮರಳು ಗುಡ್ಡೆ ಹಾಕಿಕೊಂಡು ಅದರ ಮೇಲೆ ಕೂರುತ್ತಿದ್ದರು. ಘಂಟಸಾಲ ಅವರ 'ನಮೋ ವೆಂಕಟೇಶ' ರೆಕಾರ್ಡು ಹಾಕಿದರು ಅಂದರೆ ಆಟ ಶುರುವಾಗುತ್ತೆ ಅಂತ ಲೆಕ್ಕ, ಅದು ಕೇಳಿದ ಮೇಲೆಯೇ ಮನೆಯಲ್ಲಿ ಒಲೆ ಆರಿಸಿ ಓಡುವುದು. ಒಂದೇ ಪ್ರೊಜೆಕ್ಟರ್ ಇರುತ್ತಿದ್ದರಿಂದ ರೀಲು ಬದಲಿಸುವಾಗೆಲ್ಲ ದೀಪ ಹತ್ತುತ್ತಿತ್ತು. ದೀಪ ಹತ್ತಿದಾಗ ಎಲ್ಲ ಹೆಂಗಸರ ಕಣ್ಣೂ ಕೆಂಪಗಾಗಿರುವುದು ಕಾಣುತ್ತಿತ್ತಂತೆ! "ಯಾರು ಎಷ್ಟು ಅತ್ರು ಅಂತ ಅವಾಗ್ಲೇ ಗೊತ್ತಾಗೋದು" ಅಂತಾರೆ ಹೊನ್ನಾಳಿ ದೊಡ್ಡಮ್ಮ.

ಅವರ ಪ್ರಕಾರ ಒಂದನೇ ಸಿನಿಮಾ ಬೆಳ್ಳಿಮೋಡ. ಎರಡು, ಮೂರು ಅನ್ನುವುದು ಅವರ ಲಿಸ್ಟಿನಲ್ಲಿ ಇಲ್ಲವೇ ಇಲ್ಲ.

ಕಥೆ ನಿಮಗೆ ಗೊತ್ತಿರಬಹುದು. ಇಂದಿರಾ, ಎಸ್ಟೇಟ್ ಮಾಲೀಕ ಸದಾಶಿವರಾಯರ ಒಬ್ಬಳೇ ಮಗಳು. ಆಕೆಯ ಮದುವೆ ಮೋಹನನ ಜೊತೆ ನಿಶ್ಚಯ ಆಗುತ್ತೆ, ಮಾವನ ದುಡ್ಡಲ್ಲಿ ಅವನು ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ರಾಯರಿಗೆ ಗಂಡು ಮಗು ಹುಟ್ಟುತ್ತೆ. ಆಸ್ತಿ ಈಗ ಇಂದಿರೆಗೆ ಬರುವುದಿಲ್ಲ ಅಂತ ಗೊತ್ತಾದ ತಕ್ಷಣ ಮೋಹನ ಜಾರಿಕೊಳ್ಳುತ್ತಾನೆ. ಕೊನೆಗೆ ಪೆಟ್ಟಾಗಿ ಬಿದ್ದವನನ್ನು ಇಂದಿರೆಯೇ ಆರೈಕೆ ಮಾಡುತ್ತಾಳೆ. ಬುದ್ಧಿ ಬಂದು ಅವನು ಮದುವೆಗೆ ಕೇಳುತ್ತಾನೆ. ಆಕೆ ಒಲ್ಲೆ ಅನ್ನುತ್ತಾಳೆ.

ಆ 'ಒಲ್ಲೆ' ನೋಡಿದಾಗ ದೊಡ್ಡಮ್ಮನಿಗೆ ಹದಿನಾಲ್ಕೋ ಹದಿನೈದೋ. ಲೈಬ್ರರಿಯಿಂದ ತಂದ ಕಾದಂಬರಿಯನ್ನು ಅದಾಗಲೇ ಓದಿದ್ದರಂತೆ, ಅದೂ ಮನೆಯಲ್ಲಿ ಗೊತ್ತಾಗದ ಹಾಗೆ ಅಕ್ಕಿ ಡಬ್ಬದಲ್ಲಿ ಮುಚ್ಚಿಟ್ಟು! ಆದರೂ ಟೆಂಟಿನಲ್ಲಿ ಪಕ್ಕ ಕೂತ ಅಜ್ಜಿಯೊಬ್ಬರು "ಒಪ್ಪಿಕೊಳ್ಳೇ ತಾಯಿ, ಅವನೀಗ ಸರಿಹೋಗ್ಯಾನೆ" ಅಂತ ಪರದೆಗೆ ಕೂಗಿ ಹೇಳಿದ್ದರಂತೆ. ಸಿನಿಮಾ ಮುಗಿದು ತುಂಗಭದ್ರೆ ಕಡೆಯಿಂದ ಗಾಳಿ ಬೀಸುವ ದಾರಿಯಲ್ಲಿ ಮನೆಗೆ ಬರುವವರೆಗೂ ಹೆಂಗಸರ ಗುಂಪಿನಲ್ಲಿ ಎರಡು ಪಾರ್ಟಿ. ಒಪ್ಪಬೇಕಿತ್ತು ಅನ್ನುವವರು, ಒಪ್ಪದ್ದು ಸರಿ ಅನ್ನುವವರು. "ನಮ್ಮಮ್ಮ ಯಾವ ಪಾರ್ಟಿ ಗೊತ್ತಾ? ಒಪ್ಪದ್ದೇ ಸರಿ ಅಂದ್ರು. ನಮ್ಮಮ್ಮನ ಬಾಯಲ್ಲಿ ಆ ಮಾತು ಬರುತ್ತೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ ಕಣಪ್ಪ."

ಬೆಳ್ಳಿಮೋಡವನ್ನು ನಾನು ಮತ್ತೆ ನೋಡಿದೆ. ಎಲ್ಲರಿಗೂ ನೆನಪಿರುವುದು ಹಾಡುಗಳು, ಬೇಂದ್ರೆಯವರ 'ಬೆಳಗು' ಕವಿತೆ. ನಾನು ಈ ಸಲ ಗಮನಿಸಿದ್ದು ಕಲ್ಪನಾ ಎಷ್ಟು ಕಡಿಮೆ ಮಾಡುತ್ತಾರೆ ಅನ್ನುವುದನ್ನು. ಕೂಗಾಟ ಇಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ಆ ಮಿಮಿಕ್ರಿಯವರ ಕಲ್ಪನಾ ಇಲ್ಲಿ ಹುಡುಕಿದರೂ ಸಿಗುವುದಿಲ್ಲ. ನನ್ನ ಎಕ್ಸೆಲ್ ಶೀಟಿನಲ್ಲಿ ಇದಕ್ಕೆ ನಾಲ್ಕನೇ ಸ್ಥಾನ ಇತ್ತು, ನಾಚಿಕೆ ಆಯಿತು. ಆದರೂ ಒಂದು ತಕರಾರು. ಮೊದಲರ್ಧದ ಇಂದಿರಾ ಬರೀ ಕುಣಿದಾಡುವ ಶ್ರೀಮಂತರ ಹುಡುಗಿ, ಆ ಭಾಗದಲ್ಲಿ ನಟಿಗೆ ಕೆಲಸವೇ ಇಲ್ಲ. ಸಿನಿಮಾ ಅರ್ಧ ಮುಗಿದ ಮೇಲೆ ಆಕೆ ಹುಟ್ಟುತ್ತಾಳೆ.

ನ್ಯಾಮತಿ ದೊಡ್ಡಮ್ಮನ ಆಯ್ಕೆ 'ಎರಡು ಕನಸು', 1974. ದೊರೈ-ಭಗವಾನ್ ನಿರ್ದೇಶನ, ರಾಜನ್-ನಾಗೇಂದ್ರ ಸಂಗೀತ. ಹಳೆಯ ಪ್ರೀತಿಯ ನೆನಪಲ್ಲೇ ಇರುವ ಗಂಡ ರಾಮಚಂದ್ರನಾಗಿ ರಾಜ್‌ಕುಮಾರ್, ಕೈ ತಪ್ಪಿದ ಪ್ರೇಯಸಿ ಲಲಿತೆಯಾಗಿ ಮಂಜುಳಾ, ಕಟ್ಟಿಕೊಂಡು ಬಂದರೂ ಹೆಂಡತಿ ಅನ್ನಿಸಿಕೊಳ್ಳದ ಗೌರಿಯಾಗಿ ಕಲ್ಪನಾ. ದೊಡ್ಡಮ್ಮ ಇದನ್ನು ನೋಡಿದ್ದು ಮದುವೆಯಾದ ಹೊಸದರಲ್ಲಿ, ದೊಡ್ಡಪ್ಪನ ಜೊತೆ ಶಿವಮೊಗ್ಗಕ್ಕೆ ಹೋಗಿ. ಮದುವೆಗೆ ಮುಂಚೆ ನೋಡಿದ್ದೆಲ್ಲ ಟೆಂಟಿನಲ್ಲಿ, ಹೆಂಗಸರ ಕಡೆ ಕೂತು. ಇದೇ ಮೊದಲು ಗಂಡನ ಪಕ್ಕ ಕುರ್ಚಿಯಲ್ಲಿ ಕೂತು ನೋಡಿದ್ದು.

ಇದು ಹಾಡಿನ ಮೇಲಿನ ಪ್ರೀತಿ ಅಂತ ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ. "ಹಾಡು ಯಾರಿಗೆ ಬೇಕು. ಅವಳು ಊಟಕ್ಕೆ ಬಡಿಸೋದು ನೋಡು. ಅವನು ತಲೆ ಎತ್ತಿ ನೋಡ್ತಾನಾ ಇಲ್ವಾ ಅಂತ ಕಾಯ್ತಾಳಲ್ಲ, ಅದು ನೋಡು. ನಂಗೆ ಅವಳ ಮೇಲೆ ಸಿಟ್ಟು ಬರುತ್ತೆ. ಅಷ್ಟೆಲ್ಲ ಕಾಯಬಾರದಾಗಿತ್ತು. ಆದ್ರೂ ಅದೇ ನಿಜ, ಎಲ್ರೂ ಕಾಯ್ತಿದ್ರು." ಒಂದು ಸಿನಿಮಾವನ್ನು ಒಪ್ಪದೇನೇ ಅದನ್ನು ಮೊದಲ ಸ್ಥಾನದಲ್ಲಿ ಇಡುವುದು ಹೇಗೆ ಅಂತ ನನಗೆ ಅವತ್ತು ಗೊತ್ತಾಯಿತು. ಈ ಕಾಲಂ ನನ್ನ ಶೀಟಿನಲ್ಲಿ ಇರಲೇ ಇಲ್ಲ.

ಅಮ್ಮನದು ಬೇರೆ ಕೇಸು. ಅವಳು ಮೂವರಲ್ಲಿ ಕಿರಿಯವಳು. ಟೆಂಟಿನ ಕಾಲ ಅವಳಿಗೆ ಅರೆಬರೆ ನೆನಪು, ಕಲ್ಪನಾ ಸಿನಿಮಾಗಳನ್ನು ನೋಡಿದ್ದು ದೂರದರ್ಶನದಲ್ಲಿ, ಭಾನುವಾರ ಸಂಜೆ, ಕೇರಿಯವರೆಲ್ಲ ಒಂದೇ ಮನೆಯಲ್ಲಿ ಸೇರಿ. ಅವಳ ಒಂದನೇ ಸಿನಿಮಾ 'ಗಂಧದ ಗುಡಿ'! ನಾವೆಲ್ಲ ಗೊಳ್ಳೆಂದು ನಕ್ಕೆವು. 1973ರ ಆ ಚಿತ್ರ ರಾಜ್‌ಕುಮಾರ್ ಅವರದು, ಕಾಡಿನದು, ವಿಷ್ಣುವರ್ಧನ್ ಅವರದು. ಕಲ್ಪನಾಗೆ ಅಲ್ಲಿ ಇರುವುದು ನಾಯಕಿಯ ಸಾಮಾನ್ಯ ಪಾತ್ರ. ಅಮ್ಮ ಪಟ್ಟು ಬಿಡಲಿಲ್ಲ. "ಒಂದು ಸಿನಿಮಾದಲ್ಲಾದ್ರೂ ಅವಳು ಅಳದೇ ಇರ್ಲಿ ಬಿಡ್ರೇ" ಅಂದಳು. ವಾದ ಅಲ್ಲ ಇದು, ಆದರೆ ಉತ್ತರ ಕೊಡಲು ಯಾರಿಂದಲೂ ಆಗಲಿಲ್ಲ.

(ಅಂದ ಹಾಗೆ, ನನ್ನ ಖಾಸಗಿ ಪ್ರೀತಿಯ ಒಂದು ಸಿನಿಮಾವನ್ನು ಈ ನಾಲ್ವರಲ್ಲಿ ಒಬ್ಬರೂ ನೋಡಿಲ್ಲ. ಅದು 1969ರ 'ಉಯ್ಯಾಲೆ'. 'ನಾಂದಿ' ಮಾಡಿದ ಎನ್.ಲಕ್ಷ್ಮೀನಾರಾಯಣ್ ಅವರ ನಿರ್ದೇಶನ. ಓದು ಸಂಶೋಧನೆಯಲ್ಲೇ ಮುಳುಗಿದ ಗಂಡನಾಗಿ ಅಶ್ವಥ್, ಮನೆಯಲ್ಲಿ ಒಂಟಿಯಾದ ಹೆಂಡತಿಯಾಗಿ ಕಲ್ಪನಾ, ಆ ಮನೆಗೆ ಹತ್ತಿರವಾಗುವ ಯುವಕನಾಗಿ ರಾಜ್‌ಕುಮಾರ್. ಗೆರೆ ದಾಟಿಯೂ ದಾಟದ ಆಕರ್ಷಣೆ. ರಾಜ್‌ಕುಮಾರ್ ಆ ಪಾತ್ರ ಒಪ್ಪಿಕೊಂಡಿದ್ದೇ ಒಂದು ಆಶ್ಚರ್ಯ. ಸಿಕ್ಕರೆ ಬಿಡಬೇಡಿ. 'ಬಂಗಾರದ ಹೂವು', 'ಕಪ್ಪು ಬಿಳುಪು', 'ಹಣ್ಣೆಲೆ ಚಿಗುರಿದಾಗ' ಇವೂ ನನ್ನ ಶೀಟಿನಲ್ಲಿದ್ದವು. ಹಣ್ಣೆಲೆಗೆ ಆಕೆಗೆ ರಾಜ್ಯ ಪ್ರಶಸ್ತಿ ಬಂದಿದ್ದರೂ ನನ್ನ ಮಟ್ಟಿಗೆ ಆ ಸಿನಿಮಾ ಆರ್.ನಾಗೇಂದ್ರರಾಯರದು.)

ಉಳಿದವರು ಜಗಳೂರು ಅತ್ತೆ. ಅಷ್ಟು ಹೊತ್ತು ಅವರು ಮಾತೇ ಆಡಿರಲಿಲ್ಲ.

ಜಗಳೂರು ನೋಡದವರಿಗೆ ಒಂದು ಮಾತು. ಚನ್ನಗಿರಿ ಅಂದರೆ ಅಡಿಕೆ, ಭದ್ರಾ ಕಾಲುವೆ, ಸೂಳೆಕೆರೆ. ಹೊನ್ನಾಳಿ, ನ್ಯಾಮತಿ ಕಡೆ ಹೊಳೆ ಇದೆ, ಮಲೆನಾಡಿನ ಅಂಚಿದೆ. ಜಗಳೂರಿಗೆ ಅದ್ಯಾವುದೂ ಇಲ್ಲ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಗುಳೆ. ಆ ಕಡೆಯಿಂದ ಪಶ್ಚಿಮಕ್ಕೆ ಹೋದರೆ ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗ ಬರುತ್ತೆ. ಬೆಟ್ಟದ ಮೇಲೆ ಉಚ್ಚಂಗೆಮ್ಮನ ಗುಡಿ. ಭರತ ಹುಣ್ಣಿಮೆಗೆ ಅಲ್ಲಿ ದೊಡ್ಡ ಜಾತ್ರೆ. ಆ ಜಾತ್ರೆಯಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಬಿಡುತ್ತಿದ್ದರು, ಬಹುಪಾಲು ದಲಿತರ ಮನೆಯ ಮಕ್ಕಳು. ಹರಪನಹಳ್ಳಿ 1953ರವರೆಗೆ ಮದರಾಸು ಪ್ರಾಂತ್ಯದಲ್ಲಿತ್ತು. ಮದರಾಸಿನಲ್ಲಿ ದೇವದಾಸಿ ಬಿಡುವುದನ್ನು ತಡೆಯುವ ಕಾಯ್ದೆ 1947ರಲ್ಲೇ ಬಂದಿತ್ತು. ಕರ್ನಾಟಕ ಮತ್ತೆ ತನ್ನದೇ ಕಾಯ್ದೆ ಮಾಡಿದ್ದು 1982ರಲ್ಲಿ. 35 ವರ್ಷಗಳ ಅಂತರದಲ್ಲಿ ಎರಡು ಕಾಯ್ದೆ. ಮೊದಲನೆಯದು ಎಷ್ಟು ಕೆಲಸ ಮಾಡಿತ್ತು ಅನ್ನುವುದನ್ನು ಎರಡನೆಯದೇ ಹೇಳುತ್ತೆ.

ಅತ್ತೆಯ ಒಂದನೇ ಸಿನಿಮಾ 'ಗೆಜ್ಜೆಪೂಜೆ'. 1969ರದು. ಆ ವರ್ಷದ ಕನ್ನಡದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು, ಚಿತ್ರಕಥೆಗೆ ಪುಟ್ಟಣ್ಣನವರಿಗೂ ರಾಷ್ಟ್ರಪ್ರಶಸ್ತಿ ಬಂತು. ಆಮೇಲೆ ತೆಲುಗಿನಲ್ಲಿ 'ಕಲ್ಯಾಣ ಮಂಟಪಂ' ಆಯಿತು, 1981ರಲ್ಲಿ ಹಿಂದಿಯಲ್ಲಿ 'ಆಹಿಸ್ತಾ ಆಹಿಸ್ತಾ' ಆಯಿತು. ಕಲ್ಪನಾಗೆ ರಾಜ್ಯದ ಅತ್ಯುತ್ತಮ ನಟಿ ಪ್ರಶಸ್ತಿ ಬಂದಿದ್ದು ಬೆಳ್ಳಿಮೋಡ, ಹಣ್ಣೆಲೆ ಚಿಗುರಿದಾಗ, ಶರಪಂಜರ ಈ ಮೂರಕ್ಕೆ. ಗೆಜ್ಜೆಪೂಜೆಗೆ ಬರಲಿಲ್ಲ. ಇದು ನನಗಂತೂ ಅರ್ಥವಾಗದ ಲೆಕ್ಕ.

ಎಂ.ಕೆ.ಇಂದಿರಾ ತೀರ್ಥಹಳ್ಳಿ ಕಡೆಯವರು, ಅಂದರೆ ಹೊನ್ನಾಳಿ ಚನ್ನಗಿರಿಯವರಿಗೆ ಆಗಿನ ಲೆಕ್ಕದಲ್ಲಿ ನಮ್ಮ ಜಿಲ್ಲೆಯವರೇ. ಅವರ ಕಥೆಯ ಚಂದ್ರಾ ಹುಟ್ಟಿದ್ದು ಸೂಳೆಯರ ಮನೆ ಅಂತ ಊರು ಕರೆಯುವ ಮನೆಯಲ್ಲಿ. ಓದಬೇಕು, ಮದುವೆಯಾಗಿ ಎಲ್ಲರ ಹಾಗೆ ಸಂಸಾರ ಮಾಡಬೇಕು ಅನ್ನುವುದಷ್ಟೇ ಅವಳ ಆಸೆ. ಪಕ್ಕದ ಮನೆಯ ಸೋಮು ಪ್ರೀತಿಸುತ್ತಾನೆ. ಎಲ್ಲ ಸರಿಹೋಗುತ್ತೆ ಅನ್ನುವಾಗ ಒಂದು ಅನುಮಾನ ಬಂದು ಎಲ್ಲ ಮುರಿದುಬೀಳುತ್ತೆ. ಕೊನೆಗೆ ಗೆಜ್ಜೆಪೂಜೆಗೆ ಒಪ್ಪಿಕೊಂಡವಳು ಆ ದಿನವೇ ಪ್ರಾಣ ಬಿಡುತ್ತಾಳೆ.

"ಆ ಸಿನಿಮಾದಾಗಿನ ಮನೀಗೂ ನಮ್ಮ ಕಡೆ ಮುತ್ತು ಕಟ್ಟೋದಕ್ಕೂ ಭಾಳ ವ್ಯತ್ಯಾಸ ಐತಿ ತಮ್ಮಾ" ಅಂದರು ಅತ್ತೆ. "ಅವ್ರು ಸಂಗೀತ, ವೀಣೆ, ರೇಷ್ಮೆ ಸೀರಿ. ನಮ್ಮ ಕಡೆ ಹುಡುಗೀರಿಗೆ ಉಣ್ಣಾಕ ಇರ್ಲಿಲ್ಲ. ಆದ್ರೂ ಟೆಂಟಿನ್ಯಾಗ ನೆಲದ ಮ್ಯಾಲ ಕುಂತು ಅತ್ತೋರು ಅವರೂ ಇದ್ರು. ನಾವು ಬೆಂಚಿನ ಮ್ಯಾಲೆ ಕುಂತಿದ್ವಿ. ದೀಪ ಹತ್ತಿದಾಗ ನಾವು ಅವರ ಮುಖ ನೋಡ್ಲಿಲ್ಲ, ಅವರು ನಮ್ಮ ಮುಖ ನೋಡ್ಲಿಲ್ಲ."

ಇದನ್ನು ಕೇಳಿದ ಮೇಲೆ ಗೆಜ್ಜೆಪೂಜೆಗೆ ಅಂಕ ಹಾಕುವುದು ಹೇಗೆ ಅಂತ ನನಗೆ ತೋಚಲಿಲ್ಲ. ನಟನೆಯ ವಿಷಯಕ್ಕಷ್ಟೇ ಹೇಳಬಹುದಾದರೆ, ಕಲ್ಪನಾ ಅತ್ಯಂತ ಪೂರ್ತಿಯಾಗಿ ಸಿಗುವುದು ಇಲ್ಲೇ. ಹಠ, ತುಂಟತನ, ನಾಚಿಕೆ, ಮನೆಯವರ ಮೇಲಿನ ಪ್ರೀತಿ, ಅದೇ ಮನೆಯ ಮೇಲಿನ ಹೇಸಿಗೆ ಎಲ್ಲವೂ ಒಬ್ಬಳೇ ಹುಡುಗಿಯಲ್ಲಿ. ಪಕ್ಕದಲ್ಲಿ ತಾಯಿಯಾಗಿ ಲೀಲಾವತಿ ಬೇರೆ. ಬೆಳ್ಳಿಮೋಡದ ಹಾಗೆ ಅರ್ಧ ಸಿನಿಮಾ ಕಾಯಬೇಕಾಗಿಲ್ಲ, ಮೊದಲಿನಿಂದಲೇ ಚಂದ್ರಾ ಇದ್ದಾಳೆ.

"ಹಂಗಾದ್ರೆ ಶರಪಂಜರ ಎರಡನೇದಾ ಅತ್ತೆ?" ಅಂದೆ.

"ಅದನ್ನ ನನ್ನ ಲಿಸ್ಟಿನ್ಯಾಗ ಹಾಕಬ್ಯಾಡ" ಅಂದರು.

ಶರಪಂಜರ 1971ರಲ್ಲಿ ಬಂತು. ಕಾವೇರಿ, ಗಂಡ ಸತೀಶ, ಚಂದದ ಸಂಸಾರ. ಹೆರಿಗೆಯಾದ ಮೇಲೆ ಕಾವೇರಿಯ ಮನಸ್ಸಿನ ಸ್ಥಿಮಿತ ತಪ್ಪುತ್ತೆ. ಆಸ್ಪತ್ರೆಗೆ ಸೇರಿಸುತ್ತಾರೆ. ವಾಸಿಯಾಗಿ ಮನೆಗೆ ಬರುತ್ತಾಳೆ. ಆದರೆ ಯಾರೂ ಮೊದಲಿನ ಹಾಗೆ ನೋಡುವುದಿಲ್ಲ. ಅವಳ ಪ್ರತಿ ಮಾತು, ಪ್ರತಿ ನಗು, ಪ್ರತಿ ಸಿಟ್ಟನ್ನೂ ಅನುಮಾನದಿಂದ ತೂಗುತ್ತಾರೆ. ಗಂಡನಿಗೆ ಬೇರೊಬ್ಬಳ ಸಂಬಂಧ ಇರುವುದು ಗೊತ್ತಾದಾಗ ಮತ್ತೆ ಕುಸಿಯುತ್ತಾಳೆ, ಮತ್ತೆ ಆಸ್ಪತ್ರೆ. ಮಿಮಿಕ್ರಿಯವರು ಹಿಡಿದುಕೊಂಡಿದ್ದು ಆ ಕೊನೆಯ ಕುಸಿತವನ್ನು.

ಅತ್ತೆ ಹೇಳಿದ್ದು ಒಬ್ಬ ನೆರೆಮನೆಯ ಹೆಂಗಸಿನ ಕಥೆ. ಸಿನಿಮಾ ಬರುವುದಕ್ಕೆ ಸ್ವಲ್ಪ ಮೊದಲಿನ ಮಾತು. ಎರಡನೇ ಬಾಣಂತನದಲ್ಲಿ ಆಕೆ ನಿದ್ದೆ ಬಿಟ್ಟಳು, ಏನೇನೋ ಮಾತಾಡತೊಡಗಿದಳು, ಮಗುವನ್ನು ಎತ್ತಿಕೊಳ್ಳಲು ಒಲ್ಲೆ ಅಂದಳು. ಗಾಳಿ ಅಂದರು, ಬೇವಿನ ಸೊಪ್ಪಿನಲ್ಲಿ ಹೊಡೆಸಿದರು. ಕೊನೆಗೆ ಓದಿದ ನೆಂಟರೊಬ್ಬರು ಹಠ ಹಿಡಿದು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕೆಲವು ತಿಂಗಳಲ್ಲಿ ಗುಣವಾಗಿ ಬಂದಳು. ಬಾಣಂತನದಲ್ಲಿ ಬರುವ ಈ ಕಾಯಿಲೆಗೆ ಚಿಕಿತ್ಸೆ ಇದೆ, ಸರಿಯಾಗಿ ನೋಡಿಕೊಂಡರೆ ಬಹುಪಾಲು ಹೆಂಗಸರು ಗುಣವಾಗುತ್ತಾರೆ. ಆಕೆಯೂ ಹಾಗೇ. ಮನೆಗೆಲಸ, ಹೊಲ, ಮಕ್ಕಳು ಎಲ್ಲ ಮೊದಲಿನಂತೆ.

ಆಮೇಲೆ ಶರಪಂಜರ ಬಂತು.

"ಸಿನಿಮಾ ನೋಡಿ ಬಂದು ಎಲ್ಲಾರೂ ಅತ್ತರು. ಅಯ್ಯೋ ಪಾಪ ಅಂದ್ರು. ಮರುದಿನ ಆಕಿಗೆ 'ಶರಪಂಜರ' ಅಂತ ಹೆಸರಿಟ್ರು." ಅತ್ತೆ ಎಲೆ ಅಡಿಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಬಾವಿ ಹತ್ರ ಆಕಿ ಒಂದೀಟು ಜೋರಾಗಿ ನಕ್ಕರೆ ಒಬ್ರ ಮುಖ ಒಬ್ರು ನೋಡೋರು. ಯಾವಾಗ ಮತ್ತೆ ಕೆಡತೈತಿ ಅಂತ ಎಲ್ಲಾರೂ ಕಾಯ್ತಿದ್ರು, ಸಿನಿಮಾದಾಗ ಆದಂಗ. ನಾನೂ ಕಾದೀನಿ, ಸುಳ್ಳು ಯಾಕ ಹೇಳ್ಲಿ. ಆಕಿ ಮುದುಕಿ ಆಗಿ ಸಾಯೋತನ ಒಂದ್ಸಲನೂ ಹುಷಾರು ತಪ್ಪಲಿಲ್ಲ. ಸಿನಿಮಾದಾಗ ಯಾಕ ತಪ್ಪಿಸಿದ್ರು?"

ಯಾರೂ ಮಾತಾಡಲಿಲ್ಲ. ಹೊನ್ನಾಳಿ ದೊಡ್ಡಮ್ಮ ಮೆಲ್ಲಗೆ "ಕಾದಂಬ್ರೀಲೂ ಹಂಗೇ ಐತಲ್ಲ, ಪುಟ್ಟಣ್ಣ ಏನು ಮಾಡ್ತಾರೆ" ಅಂದರು. ಅದೂ ಸರಿಯೇ. ತ್ರಿವೇಣಿ ಮನಶ್ಶಾಸ್ತ್ರ ಓದಿದವರು, ಹುಚ್ಚು ಅನ್ನುವ ಪದದ ಹಿಂದೆ ಒಬ್ಬ ಮನುಷ್ಯಳಿದ್ದಾಳೆ ಅಂತ ಕನ್ನಡದಲ್ಲಿ ಅಷ್ಟು ಸರಳವಾಗಿ ಹೇಳಿದವರು. ಕಾಯಿಲೆ ವಾಸಿಯಾದರೂ ಸುತ್ತಲಿನವರು ವಾಸಿಯಾಗಲು ಬಿಡುವುದಿಲ್ಲ ಅಂತ ತೋರಿಸುವುದಕ್ಕೇ ಅವರು ಆ ಕೊನೆ ಬರೆದದ್ದು. ಆದರೆ ಟೆಂಟಿನಿಂದ ಎದ್ದು ಬಂದವರು ಮನೆಗೆ ತಂದದ್ದು ಆ ಅರ್ಥವನ್ನಲ್ಲ, ಒಂದು ಅಡ್ಡಹೆಸರನ್ನು. ಇದಕ್ಕೆ ತ್ರಿವೇಣಿಯವರನ್ನು ದೂರಲಾಗದು, ಕಲ್ಪನಾ ಅವರನ್ನಂತೂ ಅಲ್ಲವೇ ಅಲ್ಲ. ಆದರೂ ಒಬ್ಬ ಹೆಂಗಸು ಇಡೀ ಜೀವಮಾನ ಆ ಹೆಸರು ಹೊತ್ತು ಬದುಕಿದಳು. ನಾವೆಲ್ಲ ಇವತ್ತಿಗೂ ಮಿಮಿಕ್ರಿ ಮಾಡಿ ನಗುವುದೂ ಅದೇ ಅಡ್ಡಹೆಸರಿನ ಮುಂದುವರಿದ ಭಾಗ ಅನ್ನಿಸಿ ನನಗೆ ಮೈ ಜುಂ ಅಂದಿತು. ಕಾಲೇಜಿನ ಕಲ್ಚರಲ್ ಡೇಯಲ್ಲಿ ನಾನೂ ಮಾಡಿದ್ದೇನೆ. ಚಪ್ಪಾಳೆಯೂ ಬಿದ್ದಿತ್ತು.

ಅವತ್ತು ರಾತ್ರಿ ಎಲ್ಲರೂ ಉಳಿದುಕೊಂಡಿದ್ದರು. ನಾನು ಟಿವಿಗೆ ಮೊಬೈಲ್ ಹೊಂದಿಸಿ ಶರಪಂಜರ ಹಾಕಿದೆ. ನನ್ನ ಉದ್ದೇಶ ಕೊನೆಯ ಸೀನಲ್ಲ, ನಡುವಿನ ಭಾಗ. ಕಾವೇರಿ ಆಸ್ಪತ್ರೆಯಿಂದ ಬಂದ ಮೇಲಿನ ಭಾಗ. ಆ ಹೊತ್ತಿನಲ್ಲಿ ಕಲ್ಪನಾ ಮಾಡುವುದನ್ನು ಯಾವ ಮಿಮಿಕ್ರಿಯವನೂ ಮಾಡಲಾರ. ತಾನು ಸರಿಯಾಗಿದ್ದೇನೆ ಅಂತ ತೋರಿಸಿಕೊಳ್ಳಲು ಒಬ್ಬ ಮನುಷ್ಯಳು ಎಷ್ಟು ಜಾಗ್ರತೆಯಿಂದ ನಗಬೇಕು, ಎಷ್ಟು ಅಳತೆಯಿಂದ ಮಾತಾಡಬೇಕು! ಜಾಸ್ತಿ ನಕ್ಕರೆ ಕಷ್ಟ, ನಗದಿದ್ದರೂ ಕಷ್ಟ. ಆ ಅಳತೆ ಆಕೆಯ ಮುಖದಲ್ಲಿ ಕಾಣುತ್ತೆ. ಆ ಭಾಗಕ್ಕೋಸ್ಕರ ನಾನು ಶರಪಂಜರವನ್ನು ಮೊದಲ ಸ್ಥಾನದಲ್ಲೇ ಇಟ್ಟಿದ್ದೇನೆ. ಎರಡನೆಯದು ಗೆಜ್ಜೆಪೂಜೆ, ಕೂದಲೆಳೆ ಅಂತರದಲ್ಲಿ. ಮೂರು ಬೆಳ್ಳಿಮೋಡ. ನಾಲ್ಕು ಉಯ್ಯಾಲೆ. ಐದು ಎರಡು ಕನಸು. ಗಂಧದ ಗುಡಿಯನ್ನು ಹತ್ತನೇ ಸ್ಥಾನಕ್ಕೆ ಸೇರಿಸಿದ್ದೇನೆ, ಮನೆಯಲ್ಲಿ ಊಟ ಸಿಗಬೇಕಲ್ಲ :)

ಅತ್ತೆ ಮೊದಲು ಒಳಗೆ ಮಲಗಲು ಹೋಗಿದ್ದರು. ಸ್ವಲ್ಪ ಹೊತ್ತಿಗೆ ದಿಂಬು ಹಿಡಿದುಕೊಂಡು ಬಂದು ಗೋಡೆಗೆ ಒರಗಿ ಕೂತರು. ಹೆರಿಗೆ, ಕಾಯಿಲೆ, ಆಸ್ಪತ್ರೆ ಎಲ್ಲ ಆಯಿತು. ಕಾವೇರಿ ಗುಣವಾಗಿ ವಾಪಸ್ ಮನೆಗೆ ಬಂದಳು.

"ಇಲ್ಲಿಗೆ ನಿಲ್ಲಿಸು" ಅಂದರು ಅತ್ತೆ.

ನಿಲ್ಲಿಸಿದೆ. ಎದ್ದು ದೀಪ ಹಾಕಿದೆ.